ಯುಎಸ್‌ಬಿ ವಿಡಿಯೊ ಕ್ಯಾಪ್ಚರ್ ಸ್ಟಿಕ್: ಎರಡೂವರೆ ವರ್ಷ, ಸುಮಾರು ಇನ್ನೂರು ವಿಎಚ್‌ಎಸ್ ಕ್ಯಾಸೆಟ್‌ಗಳ ನಂತರ

ಅಂಕ: 5ಕ್ಕೆ 3.

ಪೆಟ್ಟಿಗೆಯ ಮೇಲೆ ‘ಹಳೆಯ ಟೇಪುಗಳನ್ನು ಹೊಸದರಂತೆ ಮಾಡಿ’ ಎಂದು ಬರೆದಿದೆ. ಅದನ್ನು ನಂಬಿ ಕೊಂಡವರು 1 ಅಂಕ ಕೊಡುತ್ತಾರೆ, ಅವರ ಸಿಟ್ಟೂ ನ್ಯಾಯವಾದದ್ದೇ. ಸ್ಟಿಕ್ ಯಾವ ಚಿತ್ರವನ್ನೂ ಹೊಸದು ಮಾಡುವುದಿಲ್ಲ. ವಿಸಿಆರ್ (ಕ್ಯಾಸೆಟ್ ಓಡಿಸುವ ಯಂತ್ರ) ಕೊಟ್ಟ ಸಿಗ್ನಲ್ಲನ್ನು ಅಂಕಿಗಳಾಗಿ ಬದಲಿಸಿ ಕಂಪ್ಯೂಟರಿಗೆ ದಾಟಿಸುತ್ತದೆ, ಅಷ್ಟೆ. ಅಷ್ಟನ್ನು ಇದು ತಕ್ಕಮಟ್ಟಿಗೆ ಸರಿಯಾಗಿ ಮಾಡುತ್ತದೆ. ಚಿತ್ರ ಚೆನ್ನಾಗಿ ಬರುತ್ತದೋ ಇಲ್ಲವೋ ಎಂಬುದರ ಮುಕ್ಕಾಲು ಪಾಲು ತೀರ್ಮಾನವಾಗುವುದು ಕೇಬಲ್ಲಿನ ಆಚೆ ತುದಿಯಲ್ಲಿ.

ಸ್ಟಿಕ್ಕಿನಲ್ಲಿ ಏನಿದೆ ಎಂದರೆ, ಒಂದು ಎಸ್-ವಿಡಿಯೊ ಸಾಕೆಟ್ (ಬೆಳಕು, ಬಣ್ಣ ಬೇರೆ ಬೇರೆ ತಂತಿಯಲ್ಲಿ), ಹಳದಿ ಕಾಂಪೊಸಿಟ್ ಪಿನ್ನು (ಎರಡೂ ಒಂದೇ ತಂತಿಯಲ್ಲಿ), ಆಡಿಯೊಗೆ ಕೆಂಪು ಮತ್ತು ಬಿಳಿ ಪಿನ್ನುಗಳು, ಇನ್ನೊಂದು ತುದಿಯಲ್ಲಿ ಯುಎಸ್‌ಬಿ 2.0. ಪಿಎಎಲ್ (ಭಾರತದಲ್ಲಿ ಬಳಸಿದ ಟಿವಿ ಪದ್ಧತಿ) ಟೇಪಿಗೆ 720×576, ಸೆಕೆಂಡಿಗೆ 25 ಫ್ರೇಮು. ಎನ್‌ಟಿಎಸ್‌ಸಿ (ಅಮೆರಿಕದ ಪದ್ಧತಿ) ಟೇಪಿಗೆ 720×480, 29.97 ಫ್ರೇಮು. ಬಣ್ಣ 4:2:2 (ಅಡ್ಡಕ್ಕೆ ಎರಡು ಪಿಕ್ಸೆಲ್ಲಿಗೆ ಒಂದು ಬಣ್ಣದ ಅಳತೆ), ಸಾಫ್ಟ್‌ವೇರಿನಲ್ಲಿ ಇದರ ಹೆಸರು ವೈಯುವೈ2. ಲೆಕ್ಕ ಹಾಕಿದರೆ ಪಿಎಎಲ್‌ನಲ್ಲಿ ಸೆಕೆಂಡಿಗೆ ಸುಮಾರು 20.7 ಎಂಬಿ ದತ್ತಾಂಶ ಹರಿಯುತ್ತದೆ. ಯುಎಸ್‌ಬಿ 2.0 ಇದನ್ನು ತಡೆದುಕೊಳ್ಳುತ್ತದೆ, ಆದರೆ ಅದೇ ಹಬ್ಬಿಗೆ ಹಾರ್ಡ್ ಡಿಸ್ಕನ್ನೂ ಚುಚ್ಚಿದರೆ ಫ್ರೇಮು ಬೀಳಲು ಶುರುವಾಗುತ್ತದೆ. ಹಬ್ ಬೇಡ, ನೇರವಾಗಿ ಕಂಪ್ಯೂಟರಿನ ಪೋರ್ಟಿಗೇ ಹಾಕಿ.

ಜೊತೆಗೆ ಬರುವ ಸಾಫ್ಟ್‌ವೇರನ್ನು ಇನ್‌ಸ್ಟಾಲ್ ಮಾಡಬೇಡಿ. ಅದು ನೇರವಾಗಿ ಎಂಪೆಗ್-2ಗೆ ಹಿಂಡುತ್ತದೆ. ಟೇಪಿನ ನಾಯ್ಸ್ ಪ್ರತಿ ಫ್ರೇಮಿನಲ್ಲೂ ಬೇರೆ ಬೇರೆ. ಕಡಿಮೆ ಬಿಟ್‌ರೇಟಿನ ಎಂಪೆಗ್ ಎಂಕೋಡರು ತನ್ನ ಶಕ್ತಿಯನ್ನೆಲ್ಲ ಆ ನಾಯ್ಸಿಗೆ ಸುರಿದು ಮುಖಗಳನ್ನು ಚೌಕಚೌಕ ಮಾಡಿಬಿಡುತ್ತದೆ. ಆಮೇಲೆ ಏನೇ ಫಿಲ್ಟರ್ ಹಾಕಿದರೂ ಆ ಚೌಕಗಳು ಹೋಗುವುದಿಲ್ಲ. ಡ್ರೈವರ್ ಮಾತ್ರ ಹಾಕಿಕೊಂಡು, ಕ್ಯಾಪ್ಚರಿಗೆ ವರ್ಚುವಲ್‌ಡಬ್ ಅಥವಾ ಅಮರೆಕ್‌ಟಿವಿ ಬಳಸಿ. ಕೊಡೆಕ್ (ವಿಡಿಯೊ ಹಿಂಡುವ ವಿಧಾನ) ಹಫ್‌ವೈಯುವಿ, ಲ್ಯಾಗರಿತ್ ಅಥವಾ ಯುಟಿ ವಿಡಿಯೊ, ಮೂರೂ ಲಾಸ್‌ಲೆಸ್, ಅಂದರೆ ಹಿಂಡುವಾಗ ಏನನ್ನೂ ಕಳೆಯುವುದಿಲ್ಲ. ಸಂಕುಚಿಸದ ವಿಡಿಯೊ ಗಂಟೆಗೆ 75 ಜಿಬಿ ತಿಂದರೆ ಇವು ಅದನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತವೆ. ಮೂರು ಗಂಟೆಯ ಇ-180 ಕ್ಯಾಸೆಟ್ಟಿಗೆ 120 ಜಿಬಿ ಖಾಲಿ ಜಾಗ ಇಟ್ಟುಕೊಂಡೇ ಕೂರಬೇಕು. ಡಿಸ್ಕು ಎನ್‌ಟಿಎಫ್‌ಎಸ್ ಆಗಿರಲಿ. ಫ್ಯಾಟ್32ನಲ್ಲಿ ಫೈಲು 4 ಜಿಬಿಗೇ ನಿಂತುಬಿಡುತ್ತದೆ. ಒಬಿಎಸ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರು ಸ್ಟ್ರೀಮಿಂಗಿಗೆ ಒಳ್ಳೆಯದು, ಈ ಕೆಲಸಕ್ಕಲ್ಲ. ಟೇಪಿನ ಪ್ರತಿ ಫ್ರೇಮೂ ಎರಡು ಇಂಟರ್‌ಲೇಸ್ ಫೀಲ್ಡುಗಳಾಗಿ, ಅಂದರೆ ಒಂದು ಬಿಟ್ಟು ಒಂದು ಗೆರೆಗಳ ಎರಡು ಅರ್ಧಚಿತ್ರಗಳಾಗಿ ಬರುತ್ತದೆ; ಒಬಿಎಸ್‌ನ ಕ್ಯಾನ್ವಾಸು ಪ್ರೊಗ್ರೆಸಿವ್ (ಪೂರ್ತಿ ಫ್ರೇಮಿನದು) ಆದ್ದರಿಂದ ಅವು ಒಳಗೇ ಕಲಸಿಹೋಗುತ್ತವೆ.

ಇನ್ನು ಸ್ಟಿಕ್ಕಿನ ದೊಡ್ಡ ದೌರ್ಬಲ್ಯಕ್ಕೆ ಬರೋಣ. ಇದಕ್ಕೆ ಅಲುಗಾಡುವ ಸಿಗ್ನಲ್ ಆಗಿಬರುವುದಿಲ್ಲ.

ವಿಎಚ್‌ಎಸ್ ಸಿಗ್ನಲ್ ಹುಟ್ಟಿನಿಂದಲೇ ಅಲುಗಾಡುವಂಥದ್ದು. ಪಿಎಎಲ್ ಯಂತ್ರದಲ್ಲಿ ಹೆಡ್ ಡ್ರಮ್ಮು (ಟೇಪನ್ನು ಓದುವ ಹೆಡ್‌ಗಳಿರುವ ಉರುಳೆ) ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ, ಟೇಪು ಸೆಕೆಂಡಿಗೆ 23.39 ಮಿ.ಮೀ. ಸರಿಯುತ್ತದೆ. ಟೇಪು ಎಳೆದಿದ್ದರೆ, ಕುಗ್ಗಿದ್ದರೆ, ರೋಲರ್ ಸವೆದಿದ್ದರೆ ಪ್ರತಿ ಗೆರೆಯೂ 64 ಮೈಕ್ರೊಸೆಕೆಂಡಿಗೆ ಸರಿಯಾಗಿ ಶುರುವಾಗುವುದಿಲ್ಲ. ಒಂದು ತುಸು ಮುಂಚೆ, ಇನ್ನೊಂದು ತುಸು ತಡವಾಗಿ. ಹಳೆಯ ಪಿಕ್ಚರ್ ಟ್ಯೂಬ್ ಟಿವಿ ಆ ಏರುಪೇರನ್ನು ಹಿಂಬಾಲಿಸಿಕೊಂಡೇ ಗೆರೆ ಎಳೆಯುತ್ತಿತ್ತು, ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ. ಸ್ಟಿಕ್ಕಿಗೆ ಆ ಔದಾರ್ಯವಿಲ್ಲ. ಬಾಗಿಲಿನ ಚೌಕಟ್ಟು, ಕಂಬ, ಗೋಡೆಯ ಅಂಚು ಎಲ್ಲವೂ ನೀರಲ್ಲಿ ನೋಡಿದ ಹಾಗೆ ಬಳುಕುತ್ತವೆ. ಚಿತ್ರದ ಮೇಲ್ತುದಿ ಒಂದು ಪಕ್ಕಕ್ಕೆ ಬಾಗುತ್ತದೆ. ಸಿಂಕ್ ಪೂರ್ತಿ ತಪ್ಪಿದರೆ ಫ್ರೇಮೇ ಬಿದ್ದುಹೋಗುತ್ತದೆ. ಪಿಎಎಲ್‌ನಲ್ಲಿ ಒಂದು ಫ್ರೇಮು 40 ಮಿಲಿಸೆಕೆಂಡು. 25 ಬಿದ್ದರೆ ತುಟಿಗೂ ಮಾತಿಗೂ ಒಂದು ಸೆಕೆಂಡಿನ ಅಂತರ. ‘ಆಡಿಯೊ ಹಿಂದೆ ಬೀಳುತ್ತಿದೆ, ಸ್ಟಿಕ್ ಕೆಟ್ಟಿದೆ’ ಎಂಬ ದೂರುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲೇ.

ಮದ್ದು ಟೈಮ್ ಬೇಸ್ ಕರೆಕ್ಟರ್, ಅಂದರೆ ಟಿಬಿಸಿ. ಪ್ರತಿ ಗೆರೆಯನ್ನೂ ಮೆಮೊರಿಯಲ್ಲಿ ಹಿಡಿದು, ಸಾಲಾಗಿ ನಿಲ್ಲಿಸಿ, ಆಮೇಲೆ ಮುಂದೆ ಬಿಡುತ್ತದೆ. ಒಳಗೇ ಟಿಬಿಸಿ ಇರುವ ಎಸ್-ವಿಎಚ್‌ಎಸ್ (ವಿಎಚ್‌ಎಸ್‌ನ ಸುಧಾರಿತ ಮಾದರಿ) ವಿಸಿಆರ್ ಸಿಕ್ಕರೆ ಅದೇ ಅತ್ಯುತ್ತಮ. ಸಿಗದಿದ್ದರೆ ಹಳೆಯ ಡಿವಿಡಿ ರೆಕಾರ್ಡರನ್ನು ವಿಸಿಆರ್ ಮತ್ತು ಸ್ಟಿಕ್ಕಿನ ನಡುವೆ ಕೂರಿಸಬಹುದು. ಡಿಸ್ಕು ಹಾಕಬೇಕಿಲ್ಲ, ರೆಕಾರ್ಡ್ ಒತ್ತಬೇಕಿಲ್ಲ. ಲೈನ್-ಇನ್‌ನಿಂದ ಒಳಹೋಗಿ ಎಸ್-ವಿಡಿಯೊ ಔಟ್‌ನಿಂದ ಹೊರಬಂದರೆ ಸಾಕು, ಅದರೊಳಗಿನ ಫ್ರೇಮ್ ಮೆಮೊರಿಯೇ ಕೆಲಸ ಮಾಡುತ್ತದೆ. ಎಲ್ಲ ರೆಕಾರ್ಡರುಗಳೂ ಇದಕ್ಕೆ ಒದಗುವುದಿಲ್ಲ. ಪ್ಯಾನಸೋನಿಕ್‌ನ ಡಿಎಂಆರ್-ಇಎಸ್10, ಇಎಸ್15 ಮಾದರಿಗಳು ಈ ಕಸುಬಿನವರ ನಡುವೆ ಹೆಸರುವಾಸಿಯಾಗಿರುವುದು ಬಳುಕನ್ನು ನೆಟ್ಟಗೆ ಮಾಡುವುದಕ್ಕೇ. ಸೆಟ್ಟಿಂಗಿನಲ್ಲಿ ಲೈನ್-ಇನ್ ನಾಯ್ಸ್ ರಿಡಕ್ಷನ್ ಇದ್ದರೆ ಆಫ್ ಮಾಡಿ, ಇಲ್ಲದಿದ್ದರೆ ಚರ್ಮ ಮೇಣ ಬಳಿದಂತೆ ಕಾಣುತ್ತದೆ. ಇದೇ ಸ್ಟಿಕ್ಕು, ಇದೇ ಕ್ಯಾಸೆಟ್ಟು: ನೇರವಾಗಿ ಹಾಕಿದಾಗ ಗಂಟೆಗೆ 40ರಿಂದ 60 ಫ್ರೇಮು ಬೀಳುತ್ತಿದ್ದವು, ನಡುವೆ ರೆಕಾರ್ಡರ್ ಬಂದ ಮೇಲೆ ಸೊನ್ನೆ. ವಿಸಿಆರಿನ ಟಿಬಿಸಿಗೂ ಕೆಲವು ಟೇಪುಗಳು ಒಗ್ಗುವುದಿಲ್ಲ; ಆನ್ ಮಾಡಿದಾಗ ಚಿತ್ರ ಮೇಲೆ ಕೆಳಗೆ ಕುಣಿಯತೊಡಗಿದರೆ ಆ ಟೇಪಿಗೆ ಮಾತ್ರ ಆಫ್ ಮಾಡಿ, ಉಳಿದದ್ದನ್ನು ರೆಕಾರ್ಡರಿಗೆ ಬಿಡಿ.

ಎಸ್-ವಿಡಿಯೊ ಇರುವಲ್ಲಿ ಹಳದಿ ಪಿನ್ನನ್ನು ಮುಟ್ಟಬೇಡಿ. ವಿಎಚ್‌ಎಸ್ ಟೇಪಿನಲ್ಲಿ ಬೆಳಕು ಮತ್ತು ಬಣ್ಣ ಬೇರೆ ಬೇರೆಯಾಗಿಯೇ ಕೂತಿರುತ್ತವೆ. ಪಿಎಎಲ್‌ನಲ್ಲಿ ಬಣ್ಣವನ್ನು ಸುಮಾರು 627 ಕಿಲೊಹರ್ಟ್ಸ್‌ಗೆ ಇಳಿಸಿ ಬರೆಯುತ್ತಾರೆ. ಕಾಂಪೊಸಿಟ್ ಎಂದರೆ ಬೇರೆ ಇದ್ದದ್ದನ್ನು ಬೆರೆಸಿ, ಸ್ಟಿಕ್ಕಿನೊಳಗಿನ ಅಗ್ಗದ ಫಿಲ್ಟರಿನ ಕೈಯಲ್ಲಿ ಮತ್ತೆ ಬೇರ್ಪಡಿಸುವುದು. ಕೆಂಪು ಬಟ್ಟೆಯ ಅಂಚಿನಲ್ಲಿ ಇರುವೆ ಸಾಲಿನ ಹಾಗೆ ಚುಕ್ಕೆಗಳು ಹರಿದಾಡಿದರೆ ಅದು ಇದರದೇ ಫಲ. ಹಳದಿ ಪಿನ್ನನ್ನು ಎಸ್-ವಿಡಿಯೊ ಮಾಡುತ್ತೇವೆ ಎನ್ನುವ ಸಾದಾ ಕನ್ವರ್ಟರ್ ವಯರುಗಳಿಂದ ಏನೂ ಲಾಭವಿಲ್ಲ. ಬರೀ ಕಾಂಪೊಸಿಟ್ ಇರುವ ವಿಸಿಆರ್ ನಿಮ್ಮದಾದರೆ, ಅದನ್ನು ರೆಕಾರ್ಡರಿಗೆ ಕಾಂಪೊಸಿಟ್‌ನಲ್ಲಿ ಕೊಟ್ಟು, ಅಲ್ಲಿಂದ ಎಸ್-ವಿಡಿಯೊ ತೆಗೆಯಿರಿ. ರೆಕಾರ್ಡರಿನ ಫಿಲ್ಟರು ಸ್ಟಿಕ್ಕಿನದಕ್ಕಿಂತ ವಾಸಿ.

ಡ್ರೈವರಿನ ಮೂಲ ಸೆಟ್ಟಿಂಗ್ ತಪ್ಪಾಗಿದೆ. ಕಾಂಟ್ರಾಸ್ಟ್ ಹೆಚ್ಚು, ಶಾರ್ಪ್‌ನೆಸ್ ಹೆಚ್ಚು. ಅಂಗಡಿಯಲ್ಲಿಟ್ಟ ಟಿವಿಯ ಹಾಗೆ ಮೊದಲ ನೋಟಕ್ಕೆ ಝಗಮಗ ಅನ್ನಿಸುತ್ತದೆ, ಬಿಳಿ ಬಟ್ಟೆಯ ಮಡಿಕೆಗಳು ಮಾತ್ರ ಮಾಯ. ವರ್ಚುವಲ್‌ಡಬ್‌ನ ಕ್ಯಾಪ್ಚರ್ ಕಿಟಕಿಯಲ್ಲಿ ಹಿಸ್ಟೋಗ್ರಾಂ (0ಯಿಂದ 255ರವರೆಗಿನ ಬೆಳಕಿನ ಮಟ್ಟಗಳ ನಕ್ಷೆ) ತೆರೆಯಿರಿ. ಚಿತ್ರದ ಸುತ್ತಲಿನ ಕಪ್ಪು ಅಂಚು, ತಳದಲ್ಲಿರುವ ಹೆಡ್ ಸ್ವಿಚಿಂಗ್ ಗೀರು (ಒಂದು ಹೆಡ್ಡಿನಿಂದ ಇನ್ನೊಂದಕ್ಕೆ ಬದಲಾಗುವಾಗ ಮೂಡುವ ಗೀರು) ಲೆಕ್ಕ ಕೆಡಿಸುತ್ತವೆ, ಆದ್ದರಿಂದ ತಾತ್ಕಾಲಿಕವಾಗಿ ಅಂಚುಗಳನ್ನು ಕ್ರಾಪ್ ಮಾಡಿಕೊಂಡು (ಕತ್ತರಿಸಿ) ನೋಡಿ. ಮೊದಲು ಕತ್ತಲ ದೃಶ್ಯ ಹಾಕಿ ಬ್ರೈಟ್‌ನೆಸ್ ಹೊಂದಿಸಿ: ಕಪ್ಪು 16ರ ಆಸುಪಾಸಿನಲ್ಲಿ ನಿಲ್ಲಬೇಕು. ಆಮೇಲೆ ಕ್ಯಾಸೆಟ್ಟಿನಲ್ಲೇ ಅತಿ ಬೆಳಕಿನ ದೃಶ್ಯ ಹುಡುಕಿ ಕಾಂಟ್ರಾಸ್ಟ್ ಇಳಿಸಿ: ಬಿಳಿ 235 ದಾಟಬಾರದು. ಚಿತ್ರ ಸ್ವಲ್ಪ ಮಂಕಾಗಿ ಕಂಡರೆ ಕಂಗಾಲಾಗಬೇಡಿ. ಮಂಕನ್ನು ಆಮೇಲೆ ಎತ್ತಬಹುದು, ಕತ್ತರಿಸಿಹೋದ ಬಿಳಿಯನ್ನು ತರಲಾಗುವುದಿಲ್ಲ. ರೆಕಾರ್ಡ್ ಒತ್ತುವ ಮುಂಚೆ ಆ ಕ್ರಾಪನ್ನು ಮರೆಯದೆ ಸೊನ್ನೆಗೆ ತನ್ನಿ. ಇದನ್ನು ಮರೆತು ಮೂರು ಗಂಟೆಯ ಟೇಪನ್ನು ಮತ್ತೆ ಮೊದಲಿನಿಂದ ಓಡಿಸುವವರಿಗೆ ಬರವಿಲ್ಲ.

ಇಲ್ಲಿ ಸ್ಟಿಕ್ಕಿನದೇ ಆದ ಒಂದು ದೋಷವಿದೆ, ಅದಕ್ಕೆ ಮದ್ದಿಲ್ಲ. ಸಿಗ್ನಲ್ಲಿನ ಮಟ್ಟವನ್ನು ತಾನೇ ಏರಿಸಿ ಇಳಿಸುವ ಒಳಗಿನ ಆಟೊಮ್ಯಾಟಿಕ್ ಗೇನ್ ಕಂಟ್ರೋಲನ್ನು ಆಫ್ ಮಾಡಲಾಗುವುದಿಲ್ಲ. ಫ್ಲ್ಯಾಶ್ ಹೊಡೆದಾಗ, ಬಿಳಿ ಪರದೆಯ ಮುಂದೆ ಯಾರಾದರೂ ಹಾದಾಗ ಇಡೀ ಚಿತ್ರ ಒಂದೆರಡು ಸೆಕೆಂಡು ಕಪ್ಪಿಟ್ಟು ಮತ್ತೆ ಏರುತ್ತದೆ. ಸವೆದ ಟೇಪಿನ ಏರುಪೇರನ್ನು ಕಾಪಿ ಪ್ರೊಟೆಕ್ಷನ್ ಎಂದು ತಪ್ಪಾಗಿ ಓದಿ, ಮನೆಯಲ್ಲೇ ಚಿತ್ರೀಕರಿಸಿದ ಟೇಪಿಗೂ ನೀಲಿ ಪರದೆ ತೋರಿಸಿದ್ದುಂಟು. ಎರಡನೆಯದು ಟಿಬಿಸಿ ಬಂದ ಮೇಲೆ ನಿಂತಿತು, ಮೊದಲನೆಯದು ನಿಲ್ಲಲಿಲ್ಲ. ಒಂದು ಅಂಕ ಕಳೆದದ್ದು ಇದಕ್ಕೆ.

ಇನ್ನೊಂದು ಅಂಕ ಹೋದದ್ದು ಗಟ್ಟಿಮುಟ್ಟಿಲ್ಲದ ದೇಹಕ್ಕೆ. ಆಡಿಯೊ ವಯರು ಸ್ಟಿಕ್ಕಿಗೆ ಸೇರುವ ಬುಡದಲ್ಲಿ ಒಂದು ವರ್ಷದೊಳಗೆ ಸಡಿಲವಾಗಿ ಎಡಗಡೆಯ ಧ್ವನಿ ಬಂದು ಹೋಗುತ್ತಿತ್ತು. ಸ್ಟಿಕ್ಕನ್ನು ಜೋತಾಡಲು ಬಿಡದೆ, ಮೇಜಿಗೆ ಅಂಟುಟೇಪಿನಿಂದ ಅಂಟಿಸಿ, ಯುಎಸ್‌ಬಿ ಕಡೆ ಒಂದಡಿಯ ಒಳ್ಳೆಯ ಎಕ್ಸ್‌ಟೆನ್ಶನ್ ಹಾಕಿದರೆ ಬುಡಕ್ಕೆ ಭಾರ ಬೀಳುವುದಿಲ್ಲ. ಎರಡು ಗಂಟೆ ಓಡಿದರೆ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ, ಆದರೆ ಅದರಿಂದ ಚಿತ್ರದಲ್ಲಿ ವ್ಯತ್ಯಾಸವೇನೂ ಕಂಡಿಲ್ಲ. ಆಡಿಯೊದಲ್ಲಿ ಗುಂಯ್ ಎನ್ನುವ ಸದ್ದು ಬಂದರೆ ಸ್ಟಿಕ್ಕನ್ನು ಬೈಯುವ ಮುಂಚೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್; ವಿಸಿಆರ್, ಕಂಪ್ಯೂಟರ್ ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದರೆ ಸಾಮಾನ್ಯವಾಗಿ ಹೋಗುತ್ತದೆ. ಹೈ-ಫೈ ಧ್ವನಿ ಪಟಪಟ ಸಿಡಿಯುತ್ತಿದ್ದರೆ ವಿಸಿಆರಿನಲ್ಲಿ ನಾರ್ಮಲ್ ಟ್ರ್ಯಾಕಿಗೆ ಬದಲಿಸಿ. ಟೇಪಿನ ಅಂಚಿನಲ್ಲಿರುವ ಆ ಮೊನೊ ಟ್ರ್ಯಾಕು ಮಂದ, ಆದರೆ ಸಿಡಿಯುವುದಿಲ್ಲ.

ಟೇಪಿನ ಪೂರ್ವಸಿದ್ಧತೆಗೆ ಸ್ಟಿಕ್ಕಿನೊಂದಿಗೆ ಸಂಬಂಧವಿಲ್ಲ, ಆದರೂ ಹೇಳದೆ ಬಿಟ್ಟರೆ ವಿಮರ್ಶೆ ಅರ್ಧವಾಗುತ್ತದೆ. ಕ್ಯಾಸೆಟ್ಟಿನ ಕಿಟಕಿಯಿಂದ ರೀಲಿನ ಮೇಲೆ ಬಿಳಿ ಬೂಷ್ಟು ಕಂಡರೆ ಅದನ್ನು ಒಳ್ಳೆಯ ವಿಸಿಆರಿಗೆ ಹಾಕಲೇಬೇಡಿ. ಒಂದು ಟೇಪಿನ ಬೂಷ್ಟು ಯಂತ್ರದ ಮೂಲಕ ಮುಂದಿನ ಎಲ್ಲ ಟೇಪಿಗೂ ಹತ್ತುತ್ತದೆ. ಚೆನ್ನಾಗಿರುವ ಟೇಪನ್ನೂ ಒಮ್ಮೆ ಕೊನೆಯವರೆಗೆ ಓಡಿಸಿ, ಹಿಂದಕ್ಕೆ ಸುತ್ತಿ, ಆಮೇಲೆ ಪ್ಲೇ ಮಾಡಿ. ವರ್ಷಗಟ್ಟಲೆ ಒಂದೇ ಬಿಗಿಯಲ್ಲಿ ಕೂತ ಸುರುಳಿ ಸಡಿಲವಾಗಿ ಸಮನಾಗುತ್ತದೆ. ಹೆಡ್ ಶುಚಿಗೆ 99% ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಶ್ಯಾಮಿ ಚರ್ಮದ ಕಡ್ಡಿ. ಕಡ್ಡಿಯನ್ನು ಡ್ರಮ್ಮಿಗೆ ಮೃದುವಾಗಿ ತಾಗಿಸಿ ಅಲ್ಲಾಡದಂತೆ ಹಿಡಿದು, ಡ್ರಮ್ಮನ್ನು ಕೈಯಿಂದ ನಿಧಾನ ತಿರುಗಿಸಿ. ಮೇಲಿಂದ ಕೆಳಕ್ಕೆ ಉಜ್ಜಿದರೆ ಹೆಡ್ಡಿನ ತುದಿ ಮುರಿಯುತ್ತದೆ. ಹತ್ತಿ ಕಡ್ಡಿ ಬೇಡ, ಎಳೆ ಸಿಕ್ಕಿಕೊಳ್ಳುತ್ತದೆ. ಪ್ರತಿ ಟೇಪಿಗೂ ಟ್ರ್ಯಾಕಿಂಗನ್ನು ಕೈಯಿಂದಲೇ ಹೊಂದಿಸಿ. ವಿಸಿಆರಿನ ಪಿಕ್ಚರ್ ಕಂಟ್ರೋಲ್ ‘ಎಡಿಟ್’ನಲ್ಲಿರಲಿ, ‘ಶಾರ್ಪ್’ ಎಂದಿಟ್ಟರೆ ಎಲ್ಲ ಅಂಚಿಗೂ ಬಿಳಿ ಗೆರೆ ಬರುತ್ತದೆ.

ಕ್ಯಾಪ್ಚರ್ ಆದಮೇಲೆ ಮಾಡುವ ಕೆಲಸದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ತರುವುದು ಡಿಇಂಟರ್‌ಲೇಸಿಂಗ್, ಅಂದರೆ ಅರ್ಧಚಿತ್ರಗಳಾದ ಫೀಲ್ಡುಗಳಿಂದ ಪೂರ್ತಿ ಫ್ರೇಮು ಮಾಡುವುದು. ಸ್ಕ್ರಿಪ್ಟಿನಿಂದ ವಿಡಿಯೊ ತಿದ್ದುವ ಏವಿಸಿಂತ್‌ನಲ್ಲಿ ಕ್ಯೂಟಿಜಿಎಂಸಿ ಎಂಬ ಫಿಲ್ಟರ್ ಬಳಸಿ, 25 ಅಲ್ಲ, 50 ಫ್ರೇಮಿಗೆ ಬಿಡಿಸಿ. ಟೇಪಿನಲ್ಲಿ ಸೆಕೆಂಡಿಗೆ 50 ಫೀಲ್ಡುಗಳಿವೆ. 25ಕ್ಕೆ ಇಳಿಸಿದರೆ ಚಲನೆಯ ಅರ್ಧವನ್ನು ಎಸೆದಂತೆ. ಈ ಸ್ಟಿಕ್ಕಿನಲ್ಲಿ ಮೇಲಿನ ಫೀಲ್ಡ್ ಮೊದಲು ಬರುತ್ತದೆ. ನಡೆಯುವ ಮನುಷ್ಯ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಹೋಗುತ್ತಿದ್ದರೆ ಫೀಲ್ಡಿನ ಕ್ರಮ ತಿರುವುಮುರುವಾಗಿದೆ ಎಂದರ್ಥ. ಏವಿಸಿಂತ್ ಸ್ಕ್ರಿಪ್ಟ್ ಬರೆಯಲು ಬೇಸರವಾದರೆ ಹೈಬ್ರಿಡ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಇದೇ ಫಿಲ್ಟರು ಗುಂಡಿಯಾಗಿ ಸಿಗುತ್ತದೆ.

ಆಮೇಲೆ ಬಣ್ಣ. ಟೇಪಿನಿಂದ ಟೇಪಿಗೆ ಕಾಪಿ ಮಾಡಿದ ಕ್ಯಾಸೆಟ್ಟುಗಳಲ್ಲಿ ತುಟಿಯ ಕೆಂಪು ತುಟಿಯಿಂದ ಕೆಳಗೂ ಬಲಕ್ಕೂ ಜಾರಿರುತ್ತದೆ. ಕ್ರೋಮಾ (ಬಣ್ಣದ) ಪದರವನ್ನು ಮಾತ್ರ 2ರಿಂದ 4 ಪಿಕ್ಸೆಲ್ ಎಡಕ್ಕೆ, ಒಂದೆರಡು ಗೆರೆ ಮೇಲಕ್ಕೆ ಸರಿಸಿದರೆ ಚಿತ್ರ ತಟ್ಟನೆ ಚುರುಕಾಗುತ್ತದೆ, ಶಾರ್ಪನ್ ಫಿಲ್ಟರ್ ಬೇಕೇ ಆಗುವುದಿಲ್ಲ. ತಳದ 8–12 ಗೆರೆಗಳ ಹೆಡ್ ಸ್ವಿಚಿಂಗ್ ಗೀರನ್ನು ಕತ್ತರಿಸಿ ಹಿಗ್ಗಿಸಬೇಡಿ, ಕಪ್ಪು ಪಟ್ಟಿಯಿಂದ ಮುಚ್ಚಿ. ನಾಯ್ಸ್ ತೆಗೆಯುವುದು ಹಗುರವಾಗಿರಲಿ. ವಿಎಚ್‌ಎಸ್‌ನಲ್ಲಿರುವುದೇ ಅಡ್ಡಕ್ಕೆ ಸುಮಾರು 240 ಟಿವಿ ಗೆರೆಗಳಷ್ಟು ವಿವರ; ಅದನ್ನು 4ಕೆ ಮಾಡುವ ಎಐ ಸಾಧನಗಳು ಹತ್ತಿರದ ಮುಖವನ್ನು ಸಹನೀಯವಾಗಿ ತೋರಿಸಿ, ಹಿಂದಿನ ಸಾಲಿನಲ್ಲಿ ನಿಂತವರಿಗೆ ತಾವೇ ಕಣ್ಣು ಮೂಗು ಬರೆಯುತ್ತವೆ. ಗುರುತಿನ ಜನರ ಮುಖ ಹೀಗಾಗುವುದನ್ನು ನೋಡಲು ಆಗುವುದಿಲ್ಲ. ಮೂಲ ಕ್ಯಾಪ್ಚರನ್ನು ಇಂಟರ್‌ಲೇಸ್ ಇದ್ದ ಹಾಗೇ ಎಫ್‌ಎಫ್‌ವಿ1 ಎಂಬ ಲಾಸ್‌ಲೆಸ್ ಕೊಡೆಕ್‌ಗೆ ಬದಲಿಸಿ ಎಂಕೆವಿ ಫೈಲಿನಲ್ಲಿಡಿ. ನೋಡುವುದಕ್ಕೆ ಎಚ್.264, ಸಿಆರ್‌ಎಫ್ (ಗುಣಮಟ್ಟದ ಸೆಟ್ಟಿಂಗ್, ಅಂಕಿ ಕಡಿಮೆಯಾದಷ್ಟೂ ಚಿತ್ರ ವಾಸಿ) 17 ಅಥವಾ 18.

ಎಚ್‌ಡಿಎಂಐ ಆಗಿ ಬದಲಿಸುವ ಅಗ್ಗದ ಪೆಟ್ಟಿಗೆಗಳ ಜೊತೆ ಹೋಲಿಸಿದರೆ ಈ ಸ್ಟಿಕ್ ಎಷ್ಟೋ ಮೇಲು. ಅವು ಒರಟಾಗಿ ಡಿಇಂಟರ್‌ಲೇಸ್ ಮಾಡಿ, 720 ಅಥವಾ 1080ಕ್ಕೆ ಹಿಗ್ಗಿಸಿ, ಹಲವು ಸಲ 50 ಹರ್ಟ್ಸನ್ನು 60 ಮಾಡಿ ಕೊಡುತ್ತವೆ. ಕ್ಯಾಮೆರಾ ಪಕ್ಕಕ್ಕೆ ತಿರುಗಿದಾಗಲೆಲ್ಲ ಚಿತ್ರ ಎಡವುತ್ತದೆ. ತಾಳ್ಮೆ ಹೆಚ್ಚಿದ್ದವರು ವಿಎಚ್‌ಎಸ್-ಡಿಕೋಡ್ ಕಡೆ ನೋಡಬಹುದು: ಹೆಡ್ಡಿನಿಂದ ಬರುವ ಆರ್‌ಎಫ್ ಸಿಗ್ನಲ್ಲನ್ನೇ ಸೆರೆಹಿಡಿದು, ಟಿಬಿಸಿ ಸೇರಿ ಮಿಕ್ಕಿದ್ದೆಲ್ಲ ಸಾಫ್ಟ್‌ವೇರಿನಲ್ಲಿ ಮಾಡುವ ದಾರಿ ಅದು. ಅದಕ್ಕೆ ವಿಸಿಆರ್ ಬಿಚ್ಚಿ ಬೆಸುಗೆ ಹಾಕಬೇಕು.

ಕೊಂಡರೆ, ವಾಪಸಾತಿಯ ಗಡುವು ಮುಗಿಯುವ ಮುಂಚೆ ಒಂದು ಪರೀಕ್ಷೆ ಮಾಡಿ. ಮೊದಲು ಸ್ಟಿಕ್ಕಿಗೆ ವಿಸಿಆರ್ ಬೇಡ, ಡಿವಿಡಿ ಪ್ಲೇಯರ್ ಜೋಡಿಸಿ ಮನೆಯಲ್ಲೇ ಮಾಡಿದ ಡಿಸ್ಕೊಂದನ್ನು ಒಂದು ಗಂಟೆ ಕ್ಯಾಪ್ಚರ್ ಮಾಡಿ. ಅದರ ಸಿಗ್ನಲ್ ಅಲುಗಾಡುವುದಿಲ್ಲ, ಹಾಗಾಗಿ ಬಿದ್ದ ಫ್ರೇಮುಗಳ ಸಂಖ್ಯೆ ಸೊನ್ನೆ ಇರಬೇಕು. ಇಲ್ಲೇ ಬಿದ್ದರೆ ಬೇರೆ ಪೋರ್ಟು, ಬೇರೆ ಡಿಸ್ಕು ಹಾಕಿ ನೋಡಿ. ಆಗಲೂ ಬಿದ್ದರೆ ಸ್ಟಿಕ್ ವಾಪಸ್ ಕಳಿಸಿ. ಇಲ್ಲಿ ಸೊನ್ನೆ ಬಂದು ಟೇಪಿನಲ್ಲಿ ಮಾತ್ರ ಬೀಳುತ್ತಿದ್ದರೆ ಸ್ಟಿಕ್ ಬದಲಿಸಿ ಪ್ರಯೋಜನವಿಲ್ಲ, ನಡುವೆ ಕೂರಿಸಲು ರೆಕಾರ್ಡರ್ ಹುಡುಕಿ.