ಪೋಲೆಂಡಿನ ಮೂರು ಪಾಲು: ಪ್ರಬಂಧಕ್ಕೆ ಯಾವುದು?

1772ರಿಂದ 1795ರೊಳಗೆ ಪೋಲೆಂಡನ್ನು ಹರಿದು ಹಂಚಿಕೊಂಡ ಮೂವರಲ್ಲಿ (ಆಸ್ಟ್ರಿಯಾ, ರಷ್ಯಾ ಮತ್ತು ಜರ್ಮನ್ ರಾಜ್ಯವಾದ ಪ್ರಶ್ಯಾ) ಯಾರ ಪಾಲಿನ ಬಗ್ಗೆ ಪ್ರಬಂಧ ಬರೆಯಲಿ ಎಂದು ಕೇಳಿದ್ದೀರಿ.

ಭಾಷೆಯ ಪ್ರಶ್ನೆ ನಿಮ್ಮನ್ನು ಸೆಳೆಯುವುದಾದರೆ ಆಸ್ಟ್ರಿಯಾದ ಪಾಲಾದ ಗ್ಯಾಲಿಷಿಯಾ ಪ್ರಾಂತ್ಯ ನೋಡಿ. 1867ರ ನಂತರ ಅಲ್ಲಿನ ಶಾಲೆ, ಕಚೇರಿಗಳಲ್ಲಿ ಪೋಲಿಷ್ ಭಾಷೆಯೇ ನಡೆಯಿತು. ಬಡತನ ಮಾತ್ರ ಹೇಳತೀರದು. ರಷ್ಯಾ ಇದಕ್ಕೆ ತದ್ವಿರುದ್ಧ: ತನ್ನ ವಿರುದ್ಧ ಪೋಲರು (ಪೋಲೆಂಡಿನವರು) ಎದ್ದ 1863ರ ದಂಗೆಯ ಬಳಿಕ ಶಾಲೆಗಳ ಮೇಲೆ ರಷ್ಯನ್ ಹೇರಿತು. ಆದರೆ ಮರುವರ್ಷವೇ ರೈತರಿಗೆ ಭೂಮಿಯ ಒಡೆತನ ಕೊಟ್ಟಿತು. ಔದಾರ್ಯಕ್ಕಲ್ಲ, ದಂಗೆಯೆದ್ದ ಜಮೀನುದಾರರಿಂದ ಅವರನ್ನು ದೂರವಿಡಲು.

ಭೂಮಿಯ ಕಥೆ ಬೇಕಿದ್ದರೆ ಪ್ರಶ್ಯಾ. ಪೋಲರ ಜಮೀನು ಕೊಂಡು ಜರ್ಮನರನ್ನು ನೆಲೆಗೊಳಿಸಲು 1886ರಲ್ಲಿ ಅದು ಆಯೋಗವನ್ನೇ ರಚಿಸಿತು. 1904ರಲ್ಲಿ ಮಿಹಾವ್ ಜಿಮಾವಾ ಎಂಬ ರೈತನಿಗೆ ಸ್ವಂತ ನೆಲದಲ್ಲೇ ಮನೆ ಕಟ್ಟಲು ಅನುಮತಿ ಸಿಗಲಿಲ್ಲ. ಆತ ಸರ್ಕಸ್ಸಿನ ಬಂಡಿಯೊಂದನ್ನು ತಂದು ಅದರಲ್ಲೇ ಸಂಸಾರ ಹೂಡಿದ. ಕಾನೂನು ಅದನ್ನು ಮನೆಯೆಂದು ಲೆಕ್ಕ ಹಿಡಿಯದಿರಲೆಂದು ದಿನವೂ ಒಂದಿಷ್ಟು ಸರಿಸುತ್ತಿದ್ದ. ಇಂಥ ಮೊಂಡುತನದ ಬಗ್ಗೆ ಬರೆಯುವುದೇ ಒಂದು ಖುಷಿ.

ಇನ್ನು ದಾಖಲೆಗಳು: ಪ್ರಶ್ಯಾದವನ್ನು ಓದಲು ಜರ್ಮನ್ ಬೇಕು, ರಷ್ಯಾದವಕ್ಕೆ ರಷ್ಯನ್. ಪೋಲಿಷ್ ಮಾತ್ರ ಕಲಿತಿದ್ದರೆ ಗ್ಯಾಲಿಷಿಯಾದ ಕೊನೆಯ ಐವತ್ತು ವರ್ಷಗಳನ್ನೇ ಹಿಡಿಯಿರಿ.