ಗ್ರಂಧಿಗೆ ಅಂಗಡಿಯ ಚಕ್ರಮೊಗ್ಗು: ನಾಲ್ಕು ತಿಂಗಳ ಬಳಕೆಯ ನಂತರ

ಮೈಸೂರಿನ ಸಂತೆಪೇಟೆಯ ಗ್ರಂಧಿಗೆ ಅಂಗಡಿಯೊಂದರಿಂದ ನಾಲ್ಕು ತಿಂಗಳ ಹಿಂದೆ 140 ರೂಪಾಯಿಗೆ 100 ಗ್ರಾಂ ಚಕ್ರಮೊಗ್ಗು ತಂದೆ. ಅದಕ್ಕೆ ಮೊದಲು ಆನ್‌ಲೈನಿನಲ್ಲಿ ತರಿಸಿದ್ದ ಪೊಟ್ಟಣದಲ್ಲಿ ಮುರಿದ ಎಸಳು, ತೊಟ್ಟು ಮತ್ತು ಪುಡಿಯೇ ಅರ್ಧಕ್ಕಿಂತ ಹೆಚ್ಚಿತ್ತು. ಪಲಾವಿಗೆ ಮೂರು ಚಮಚ ಹಾಕಿದರೂ ಪರಿಮಳ ಏಳಲಿಲ್ಲ. ಅಂಗಡಿಯವರು ಮೂಟೆಯಿಂದ ಒಂದು ಹಿಡಿ ತೆಗೆದು ಕಾಗದದ ಮೇಲೆ ಹರಡಿ, "ಒಂದು ಎಸಳು ಮುರಿದು ಮೂಸಿ ನೋಡಿ ಅಮ್ಮಾ, ಆಮೇಲೆ ತೂಗ್ತೀನಿ" ಎಂದರು.

ಮುರಿದು ನೋಡಿದೆ. ದೋಣಿಯಾಕಾರದ ಎಸಳಿನೊಳಗೆ ಹುಣಸೆಬೀಜದಂತೆ ಹೊಳೆಯುವ ಪುಟ್ಟ ಬೀಜವಿತ್ತು. ಪರಿಮಳ ಹೆಚ್ಚಾಗಿ ಇರುವುದು ಆ ಬೀಜದಲ್ಲಲ್ಲ, ಅದನ್ನು ಹಿಡಿದುಕೊಂಡಿರುವ ಒರಟು ಕಂದು ಸಿಪ್ಪೆಯಲ್ಲಿ. ಬೆರಳಿನಲ್ಲಿ ಉಜ್ಜಿದಾಗ ಮೊದಲು ಸೋಂಪಿನ ಸಿಹಿ, ನಂತರ ಅತಿಮಧುರವನ್ನು ನೆನಪಿಸುವ ಘಾಟು ಬಂತು. ಸೋಂಪಿಗೂ ಇದಕ್ಕೂ ಸಸ್ಯಸಂಬಂಧವೇನೂ ಇಲ್ಲ. ಎರಡರಲ್ಲೂ ಅನೆಥೋಲ್ ಎಂಬ ಒಂದೇ ತೈಲಾಂಶ ಇರುವುದರಿಂದ ವಾಸನೆ ಹೋಲುತ್ತದೆ. ಹೆಸರಿನಲ್ಲಿ ಮೊಗ್ಗು ಎಂದಿದ್ದರೂ ಇದು ದಕ್ಷಿಣ ಚೀನಾ ಮತ್ತು ಉತ್ತರ ವಿಯೆಟ್ನಾಮಿನ ನಿತ್ಯಹಸಿರು ಮರದ ಕಾಯಿ. ಬಲಿಯುವ ಮುನ್ನವೇ ಕೊಯ್ದು ಬಿಸಿಲಿನಲ್ಲಿ ಒಣಗಿಸುತ್ತಾರೆ. ಮರಾಠಿ ಮೊಗ್ಗು ಬೇರೆಯೇ ಪದಾರ್ಥ, ಒಂದರ ಬದಲು ಇನ್ನೊಂದನ್ನು ಹಾಕಿದರೆ ರುಚಿ ಹೊಂದುವುದಿಲ್ಲ.

ಅಡುಗೆಯಲ್ಲಿ ಈ ಸರಕು ನನಗೆ ಪೂರ್ಣ ತೃಪ್ತಿ ಕೊಟ್ಟಿದೆ. ಎರಡು ಪಾವು ಅಕ್ಕಿಯ ಪಲಾವಿಗೆ ಇಡಿಯಾದ ಒಂದೇ ಚಕ್ರ ಸಾಕು. ಎರಡು ಹಾಕಿದ ದಿನ ಅನ್ನಕ್ಕೆ ಕೆಮ್ಮಿನ ಸಿರಪ್ಪಿನ ವಾಸನೆ ಬಂದು ಮನೆಯವರು ತಟ್ಟೆ ಪಕ್ಕಕ್ಕೆ ಸರಿಸಿದರು. ಅನೆಥೋಲ್ ನೀರಿಗಿಂತ ಜಿಡ್ಡಿನಲ್ಲಿ ಚೆನ್ನಾಗಿ ಕರಗುವುದರಿಂದ, ತುಪ್ಪ ಕಾದ ಕೂಡಲೇ ಸಣ್ಣ ಉರಿಯಲ್ಲಿ ಚಕ್ರಮೊಗ್ಗನ್ನು ಹಾಕಿ, ಅದು ಸ್ವಲ್ಪ ಉಬ್ಬಿ ಘಮ ಬಿಟ್ಟ ಮೇಲೆ ಚಕ್ಕೆ, ಲವಂಗ, ಈರುಳ್ಳಿ ಸೇರಿಸುವ ಕ್ರಮ ನನಗೆ ಒಗ್ಗಿದೆ. ಪೂರಿಯ ಸಾಗುವಿಗೆ ರುಬ್ಬುವ ಮಸಾಲೆಯಲ್ಲಿ ಎರಡೇ ಎಸಳು ಸಾಕು. ಮಟನ್ ಸಾರಿನಲ್ಲಿ ಇದರ ಗುಣ ಎಲ್ಲಕ್ಕಿಂತ ಚೆನ್ನಾಗಿ ತಿಳಿಯುತ್ತದೆ: ಈರುಳ್ಳಿಯೊಂದಿಗೆ ಬೆಂದಾಗ ಮಾಂಸದ ರುಚಿಯನ್ನು ಗಾಢಗೊಳಿಸುತ್ತದೆ. ವಿಯೆಟ್ನಾಮಿನವರು ಫೋ ಎಂಬ ಗೋಮಾಂಸದ ಸಾರಿಗೆ ಸುಟ್ಟ ಈರುಳ್ಳಿ, ಶುಂಠಿಯ ಜೊತೆ ಇದನ್ನೇ ಹಾಕಿ ಗಂಟೆಗಟ್ಟಲೆ ಕುದಿಸುತ್ತಾರೆ.

ಔಷಧಿಯ ವಿಷಯದಲ್ಲಿ ಎಚ್ಚರಿಕೆಯಿಂದ ಬರೆಯಬೇಕು. ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ಇದನ್ನು ಹೊಟ್ಟೆಯ ಶೀತ ಮತ್ತು ನೋವಿಗೆ ಬಳಸುತ್ತಾರೆ. ಊಟದ ನಂತರ ಒಂದು ಎಸಳು ಅಗಿದರೆ ಬಾಯಿ ಶುಚಿಯೆನಿಸುವುದು ನನ್ನ ಅನುಭವ. ಫ್ಲೂ ಔಷಧಿ ಟ್ಯಾಮಿಫ್ಲೂ ತಯಾರಿಕೆಗೆ ಬೇಕಾದ ಶಿಕಿಮಿಕ್ ಆಮ್ಲವನ್ನು ಈ ಕಾಯಿಯಿಂದ ತೆಗೆಯುತ್ತಾರೆ, ಹಕ್ಕಿಜ್ವರದ ಭೀತಿ ಹರಡಿದ್ದ 2005ರಲ್ಲಿ ಇದಕ್ಕೆ ಭಾರಿ ಬೇಡಿಕೆ ಬಂದಿತ್ತು. ಆದರೆ ಆ ಆಮ್ಲ ಕಾರ್ಖಾನೆಯಲ್ಲಿ ಹಲವು ಹಂತಗಳ ರಾಸಾಯನಿಕ ಕ್ರಿಯೆಗೆ ಒಳಗಾದ ಮೇಲಷ್ಟೇ ಔಷಧಿಯಾಗುತ್ತದೆ. ಮನೆಯ ಕಷಾಯ ಫ್ಲೂ ವಾಸಿ ಮಾಡುತ್ತದೆಂದು ಯಾರೂ ನಂಬಬಾರದು.

ಇನ್ನೊಂದು ಅಪಾಯವಿದೆ. ಇದೇ ಕುಲದ ಜಪಾನಿನ ಶಿಕಿಮಿ ಮರದ ಕಾಯಿ ವಿಷ, ಅದು ಅಪಸ್ಮಾರದಂಥ ಸೆಳೆತ ತರುತ್ತದೆ. ಅದರ ಚಕ್ರ ಸಾಮಾನ್ಯವಾಗಿ ಚಿಕ್ಕದು, ವಾಸನೆಯಲ್ಲಿ ಸೋಂಪಿನ ಸಿಹಿ ಕಡಿಮೆ, ಆದರೆ ಬರಿಗಣ್ಣಿನಿಂದ ಖಚಿತವಾಗಿ ಬೇರ್ಪಡಿಸುವುದು ಕಷ್ಟ. ಮುರಿದ ಚೂರು ಮತ್ತು ಪುಡಿಯಲ್ಲಂತೂ ಸಾಧ್ಯವೇ ಇಲ್ಲ. ಚಕ್ರಮೊಗ್ಗಿನ ಚಹಾ ಕುಡಿದ ಶಿಶುಗಳೂ ಸೇರಿ ಹಲವರು ಅಸ್ವಸ್ಥರಾದಾಗ, 2003ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅಂಥ ಚಹಾ ಕುಡಿಯಬೇಡಿ ಎಂದು ಎಚ್ಚರಿಸಿತು. ಹಸುಗೂಸಿನ ಹೊಟ್ಟೆನೋವಿಗೆ ಇದನ್ನು ಕುದಿಸಿ ಕುಡಿಸುವವರು ಈಗಲೇ ದಯವಿಟ್ಟು ನಿಲ್ಲಿಸಿ.

ಬೆಲೆ ನ್ಯಾಯವಾಗಿತ್ತು. ಗಾಜಿನ ಭರಣಿಯಲ್ಲಿಟ್ಟ ಚಕ್ರಗಳು ಇಂದಿಗೂ ಘಮ ಕಳೆದುಕೊಂಡಿಲ್ಲ. ಕೊರತೆ ಒಂದೇ: ತೂಗಿ ಕಟ್ಟಿಕೊಟ್ಟ ಪೊಟ್ಟಣದ ಮೇಲೆ ಬೆಳೆದ ದೇಶವಾಗಲಿ, ಬಂದ ತಿಂಗಳಾಗಲಿ ಬರೆದಿರಲಿಲ್ಲ. ಕಳೆದ ವಾರ ಹೋದಾಗ ಅದನ್ನೇ ಕೇಳಿದೆ. ಅಂಗಡಿಯವರು ಬೇಸರಿಸದೆ ಮೂಟೆಯನ್ನು ಹೊರಳಿಸಿ, ವಿಯೆಟ್ನಾಮಿನದೆಂದು ಅಚ್ಚಾಗಿದ್ದ ಚೀಟಿಯನ್ನು ತೋರಿಸಿದರು. ಇನ್ನೂ 50 ಗ್ರಾಂ ಕಟ್ಟಿಸಿಕೊಂಡು ಬಂದೆ.