ಕೋವಿ ಲಾಕರ್: ಮೂಡಿಗೆರೆಯ ಆರು ಮಳೆಗಾಲ ಕಂಡ ಮೇಲೆ

ಈ ಲಾಕರ್ ಮನೆಗೆ ಬಂದಿದ್ದು 2019ರ ಜನವರಿಯಲ್ಲಿ, ಕಾಫಿ ಕೊಯ್ಲಿನ ಮಧ್ಯೆ. ಪಿಕಪ್ಪಿನಿಂದ ಇಳಿಸುವಾಗ ಕಣದಲ್ಲಿ ಹಣ್ಣು ಹರಡುತ್ತಿದ್ದವರೆಲ್ಲ ಕೆಲಸ ಬಿಟ್ಟು ನೋಡಿದರು. ನನ್ನ ಮೊದಲ ತಪ್ಪು ಅದೇ. ಗೌಡರ ಮನೆಗೆ ಕೋವಿ ಇಡೋ ಪೆಟ್ಟಿಗೆ ಬಂದಿದೆ ಅನ್ನೋ ಸುದ್ದಿ ಸಂಜೆಯೊಳಗೆ ಕೆಲಸದವರ ಲೈನ್ ಮನೆಗಳಿಗೆ ಮುಟ್ಟಿತು, ವಾರದೊಳಗೆ ಸಂತೆಗೂ ಹೋಯಿತು. ನೀವು ತರಿಸೋದಾದರೆ ರಟ್ಟಿನ ಡಬ್ಬ ಬಿಚ್ಚದೆ, ಕತ್ತಲಾದ ಮೇಲೆ ಇಳಿಸಿಕೊಳ್ಳಿ. ಯಾರಾದರೂ ಕೇಳಿದರೆ ಬೀರು ಅನ್ನಿ.

ಅಪ್ಪನ ಕಾಲದಲ್ಲಿ ನಮ್ಮ ಜೋಡಿ ನಳಿಗೆ ಕೋವಿ ಜಗಲಿಯ ಗೋಡೆಗೆ ಹೊಡೆದ ಗೂಟದಲ್ಲಿ ಇರುತ್ತಿತ್ತು. ಬಂದವರಿಗೆ ಕಾಣಲಿ ಅಂತಲೇ ಅಲ್ಲಿ ಇಟ್ಟಿದ್ದು. ತೋಟೆ, ಅಂದರೆ ಕೋವಿಯ ಗುಂಡು, ಬೀರುವಿನಲ್ಲಿ, ಬೀರುವಿನ ಕೀ ದೇವರ ಮನೆಯ ಮೊಳೆಯಲ್ಲಿ. ಹಾಲು ಹಾಕೋ ಹುಡುಗನಿಗೂ ಈ ಮೂರು ವಿಷಯ ಗೊತ್ತಿತ್ತು. ಬೆಳೆ ರಕ್ಷಣೆ ಲೈಸೆನ್ಸ್ ನನ್ನ ಹೆಸರಿಗೆ ಆದಮೇಲೂ ನಾನು ಹಾಗೇ ಮುಂದುವರಿಸಿದ್ದೆ. ಆಮೇಲೆ ಪಕ್ಕದ ತೋಟದವರು ಮದುವೆಗೆ ಹೋಗಿದ್ದ ರಾತ್ರಿ ಅವರ ಮನೆಗೆ ಕಳ್ಳರು ನುಗ್ಗಿದರು. ಮೆಣಸಿನ ಮೂಟೆ ಹೋಯಿತು, ಹಿತ್ತಾಳೆ ಪಾತ್ರೆ ಹೋಯಿತು. ಅವರ ಕೋವಿ ಉಳಿದಿದ್ದು ರಿಪೇರಿಗೆ ಹೋಗಿದ್ದರಿಂದ ಮಾತ್ರ. ಗೋಡೆಯ ಗೂಟ ಖಾಲಿ ಇದ್ದಿದ್ದೇ ಅವರ ಪುಣ್ಯ. ಲೈಸೆನ್ಸಿಗೆ ಅರ್ಜಿ ಹಾಕುವಾಗ ಕೋವಿಯನ್ನು ಭದ್ರವಾಗಿ ಇಡುತ್ತೇನೆ ಅಂತ ನಾವೆಲ್ಲ ಬರೆದುಕೊಟ್ಟಿರುತ್ತೇವೆ. ಬರೆದುಕೊಟ್ಟಿದ್ದು ನನಗೆ ನೆನಪಾಗಿದ್ದು ಆಗಲೇ.

ಲಾಕರ್ ಬಗ್ಗೆ ಹೇಳೋದಾದರೆ ಐದು ಅಡಿ ಎತ್ತರ, ಒಂದೂಕಾಲು ಅಡಿ ಅಗಲ, 3 ಮಿ.ಮೀ. ಉಕ್ಕಿನ ಹಾಳೆ, 42 ಕಿಲೋ ತೂಕ. ಬಾಗಿಲಿಗೆ ನಂಬರ್ ಒತ್ತೋ ಕೀಪ್ಯಾಡ್, ಜೊತೆಗೆ ಎರಡು ಎಮರ್ಜೆನ್ಸಿ ಕೀ. ಮೇಲ್ಭಾಗದಲ್ಲಿ ತೋಟೆಗೆ ಅಂತ ಬೇರೆ ಕೀ ಇರೋ ಪುಟ್ಟ ಖಾನೆ. ಸಾಗಾಟ ಸೇರಿ 18,500 ರೂಪಾಯಿ ಕೊಟ್ಟೆ. ಒಳಗೆ ಐದು ಕೋವಿ ನಿಲ್ಲಿಸೋ ಸ್ಟ್ಯಾಂಡ್ ಇದೆ. ಅದೇ ವರ್ಷ ಡಿಸೆಂಬರಿನಲ್ಲಿ ಕಾನೂನು ತಿದ್ದುಪಡಿಯಾಗಿ ಒಬ್ಬರಿಗೆ ಮೂರರ ಬದಲು ಎರಡೇ ಕೋವಿ ಅಂತಾಯಿತು. ನನ್ನ ಹತ್ತಿರ ಇರೋದು ಒಂದು. ಹಾಗಾಗಿ ಉಳಿದ ನಾಲ್ಕು ಜಾಗದ ಮೇಲೆ ಮನೆಯವರ ಕಣ್ಣು ಯಾವಾಗಲೂ ಇರುತ್ತೆ. ಆ ಕಥೆ ಆಮೇಲೆ ಹೇಳುತ್ತೇನೆ.

42 ಕಿಲೋ ಅಂದರೆ ಭಾರ ಅನಿಸುತ್ತೆ, ಅಲ್ವಾ? ಕಾಫಿ ಮೂಟೆ ಹೊರೋ ಇಬ್ಬರಿಗೆ ಅದು ಏನೂ ಅಲ್ಲ. ನೆಲಕ್ಕೋ ಗೋಡೆಗೋ ಬೋಲ್ಟ್ ಹಾಕದೆ ಇಟ್ಟರೆ ಕಳ್ಳನಿಗೆ ಹಿಡಿ ಇರೋ ಪೆಟ್ಟಿಗೆ ಕೊಟ್ಟ ಹಾಗೆ. ಜೊತೆಗೆ ನಾಲ್ಕು ಆಂಕರ್ ಬೋಲ್ಟ್ ಕೊಟ್ಟಿದ್ದರು. ನಮ್ಮದು ಹಳೇ ಮನೆ, ಗೋಡೆ ಎರಡು ಅಡಿ ದಪ್ಪ, ಆದರೆ ಪೂರ್ತಿ ಮಣ್ಣು. ಮೇಸ್ತ್ರಿ ಡ್ರಿಲ್ ಇಟ್ಟು ಒಂದು ತೂತು ಹೊಡೆದರು. ಸರ್ರನೆ ಕೆಂಪು ಪುಡಿ ಉದುರಿತು. ಬೋಲ್ಟನ್ನು ಬೆರಳಲ್ಲಿ ಹಿಡಿದು ಎಳೆದರೆ ಹಾಗೇ ಆಚೆ ಬಂತು.

"ಗೌಡ್ರೇ, ಕಳ್ಳ ಎಳೆದ್ರೆ ಪೆಟ್ಟಿಗೆ ಜೊತೆ ಗೋಡೆನೂ ಹೋಗುತ್ತೆ" ಅಂದರು.

ಕೊನೆಗೆ ಮಲಗೋ ಕೋಣೆಯ ಮೂಲೆಯಲ್ಲಿ ಕಾವಿ ನೆಲ ಅಗೆಸಿದೆ. ಅಮ್ಮ ಎರಡು ದಿನ ಮಾತು ಬಿಟ್ಟರು. ಒಂದಡಿ ಆಳ ಕಾಂಕ್ರೀಟ್ ತುಂಬಿ, ಅದರಲ್ಲೇ 12 ಮಿ.ಮೀ.ನ ನಾಲ್ಕು ಬೋಲ್ಟ್ ನೆಟ್ಟು, ವಾರ ನೀರು ಹಾಕಿ, ಆಮೇಲೆ ಲಾಕರ್ ಕೂರಿಸಿ ಒಳಗಿನಿಂದ ನಟ್ಟು ಬಿಗಿದೆವು. ಬಾಗಿಲು ತೆರೆಯೋ ಅಂಚು ಪಕ್ಕದ ಗೋಡೆಗೆ ಹತ್ತಿರ ಬರೋ ಹಾಗೆ ನಿಲ್ಲಿಸಿದೆವು. ಹಾರೆ ತೂರಿಸಿ ಮೀಟೋಕೆ ಕೈಯಾಡಿಸೋ ಜಾಗ ಸಿಗಬಾರದು ಅಂತ. ಸುತ್ತ ಮರದ ಕಪಾಟು ಮಾಡಿಸಿ ಮುಂದೆ ಸೀರೆ, ಕಂಬಳಿ ನೇತುಹಾಕಿದ್ದೇವೆ. ಈ ಕೆಲಸಕ್ಕೆ ಹತ್ತಿರ ಹತ್ತಿರ ಏಳು ಸಾವಿರ ಆಯಿತು. ಒಟ್ಟು ಖರ್ಚಿನಲ್ಲಿ ಒಂದು ಪೈಸೆಯೂ ಬೇಜಾರಿಲ್ಲದ್ದು ಅಂದರೆ ಇದೇ.

ಬೇಜಾರಾಗಿದ್ದು ಕೀಪ್ಯಾಡಿನ ವಿಷಯದಲ್ಲಿ. 2019ರ ಆಗಸ್ಟ್ ಮಳೆ ಮೂಡಿಗೆರೆ ಕಡೆಯವರು ಯಾರೂ ಮರೆಯಲ್ಲ. ಗುಡ್ಡ ಕುಸಿದು, ರಸ್ತೆ ಕಟ್ಟಿ, ಕರೆಂಟು ಇಲ್ಲದೆ ಕೂತಿದ್ದ ದಿನಗಳವು. ಆ ಥಂಡಿಗೆ ಕೀಪ್ಯಾಡಿನ ಸೆಲ್ ಸೋರಿ, ನಂಬರ್ ಒತ್ತಿದರೆ ಕಿಂ ಅನ್ನಲಿಲ್ಲ, ಕುಂ ಅನ್ನಲಿಲ್ಲ. ಎಮರ್ಜೆನ್ಸಿ ಕೀ ಇತ್ತಲ್ಲ ಅಂತೀರಾ? ಒಂದು ಹಾಸನದ ಅಕ್ಕನ ಮನೆಯಲ್ಲಿತ್ತು. ಇನ್ನೊಂದನ್ನು ಭದ್ರವಾಗಿರಲಿ ಅಂತ ಲಾಕರಿನ ಒಳಗೇ ಇಟ್ಟಿದ್ದೆ. ನಗಬೇಡಿ. ಒಂಬತ್ತು ದಿನ ಕೋವಿ ಒಳಗೆ, ನಾನು ಹೊರಗೆ. ಗದ್ದೆಗೆ ಬಂದ ಹಂದಿಯನ್ನು ಡಬ್ಬ ಬಡಿದು ಓಡಿಸಿದ್ದಾಯಿತು.

ಎರಡನೇ ಪಾಠ ಇನ್ನೂ ಕೆಟ್ಟದು. 2021ರ ದಸರಾ ರಜೆಗೆ ಅಕ್ಕನ ಮಗ ಬಂದಿದ್ದ, ಒಂಬತ್ತನೇ ಕ್ಲಾಸು. ಬಟ್ಟೆ ತೆಗೆಯೋಕೆ ಕಪಾಟು ತೆರೆದವನು ಅಲ್ಲೇ ನಿಂತು, "ಮಾವ, ನಿಮ್ಮ ನಂಬರ್ ಜೀಪಿಂದೇ ತಾನೆ?" ಅಂದ. ಎದೆ ಧಸಕ್ ಅಂತು. ಟಾರ್ಚ್ ಬಿಟ್ಟು ನೋಡಿದರೆ ಹತ್ತು ಗುಂಡಿಗಳಲ್ಲಿ ನಾಲ್ಕರ ಮೇಲಿನ ಬಿಳಿ ಬಣ್ಣ ಸವೆದು ಬೂದಿಯಾಗಿತ್ತು. ಉಳಿದ ಆರು ಅಂಗಡಿಯಿಂದ ಬಂದ ಹಾಗೇ ಹೊಳೆಯುತ್ತಿದ್ದವು. ಯಾವ ನಾಲ್ಕು ಅಂಕಿ ಅಂತ ಗೊತ್ತಾದರೆ ಜಾಸ್ತಿ ಅಂದರೆ 24 ಸಲ ಒತ್ತಿ ನೋಡಿದರೆ ಮುಗೀತು. ಹುಡುಗನಿಗೆ ಅಷ್ಟೂ ಬೇಕಾಗಲಿಲ್ಲ, ಅಂಗಳದಲ್ಲಿ ಜೀಪು ನಿಂತಿತ್ತಲ್ಲ.

ಕಂಪನಿಯವರಿಗೆ ಫೋನ್ ಮಾಡಿದೆ. ವಾರಂಟಿ ಒಂದೇ ವರ್ಷ, ಹೊಸ ಕೀಪ್ಯಾಡಿಗೆ ದುಡ್ಡು ಕಟ್ಟಿ, ಮೂರು ವಾರ ಕಾಯಿರಿ ಅಂದರು. ಕಾಯಲಿಲ್ಲ. ಚಿಕ್ಕಮಗಳೂರಿನಿಂದ ಬೀಗ ರಿಪೇರಿಯವರನ್ನು ಕರೆಸಿ, ಕೀಪ್ಯಾಡ್ ಕಿತ್ತು ಎಂಟು ಲಿವರಿನ ಬೀಗ ಕೂರಿಸಿದೆ. 2,800 ರೂಪಾಯಿ. ಅವತ್ತಿನಿಂದ ತಲೆನೋವಿಲ್ಲ. ಒಂದು ಕೀ ನನ್ನ ಜೊತೆ, ಜೀಪಿನ ಕೀ ಗೊಂಚಲಲ್ಲಿ ಅಲ್ಲ, ಬೇರೆ. ಇನ್ನೊಂದು ಬ್ಯಾಂಕ್ ಲಾಕರಿನಲ್ಲಿ. ತೋಟೆ ಖಾನೆಯ ಕೀ ಇನ್ನೊಂದು ಕಡೆ. ಮಲೆನಾಡಿನಲ್ಲಿ ಇರೋರು ಕೀಪ್ಯಾಡ್ ಇರೋದನ್ನು ತಗೊಳ್ಳಲೇಬೇಡಿ ಅನ್ನೋದು ನನ್ನ ಅಭಿಪ್ರಾಯ. ಬಯಲುಸೀಮೆಯವರಿಗೆ ಬೇರೆ ಇರಬಹುದು.

ಇನ್ನು ತುಕ್ಕು. ಕಳ್ಳ ಒಂದು ಸಲ ಬರಬಹುದು, ಬರದೇನೂ ಇರಬಹುದು. ಆರ್ದ್ರೆ ಮಳೆ ಮಾತ್ರ ವರ್ಷಾ ವರ್ಷಾ ಬರುತ್ತೆ. ಲಾಕರಿನ ಒಳಮೈಗೆ ಪೂರ್ತಿ ಕಪ್ಪು ಸ್ಪಂಜು ಅಂಟಿಸಿದ್ದಾರೆ. ನೋಡೋಕೆ ಚೆಂದ, ಕೋವಿಗೆ ಗೀರು ಬೀಳಲ್ಲ. ಆದರೆ ಸ್ಪಂಜು ತೇವ ಕುಡಿದು ಹಿಡಿದಿಟ್ಟುಕೊಳ್ಳುತ್ತೆ. 2020ರ ಮಳೆಗಾಲದಲ್ಲಿ ಮೂರು ವಾರ ತೆರೆಯದೆ ಬಿಟ್ಟಿದ್ದೆ. ತೆಗೆದಾಗ ಮರದ ಹಿಡಿಯ ಮೇಲೆ ಬೂದಿ ಉದುರಿಸಿದ ಹಾಗೆ ಬೂಷ್ಟು, ನಳಿಗೆ ಸ್ಪಂಜಿಗೆ ಒರಗಿದ್ದ ಕಡೆ ಸರಿಯಾಗಿ ಒಂದು ಗೇಣು ಉದ್ದ ಕೆಂಪು ಚುಕ್ಕೆ. ಅಪ್ಪನ ಗೂಟದಲ್ಲಿ ನಲವತ್ತು ವರ್ಷ ನೇತಾಡಿದಾಗಲೂ ಹಾಗಾಗಿರಲಿಲ್ಲ. ಕೆಳಗೆ ಒಲೆಯ ಬಿಸಿ ಬರುತ್ತಿತ್ತಲ್ಲ.

ಸ್ಪಂಜನ್ನೆಲ್ಲ ಕೆರೆದು ತೆಗೆದೆ. ನಳಿಗೆ ತಾಗೋ ಜಾಗಕ್ಕೆ ಮಾತ್ರ ರಬ್ಬರ್ ಪಟ್ಟಿ. ಕೆಳಗೆ ಅರ್ಧ ಕಿಲೋ ಸಿಲಿಕಾ ಜೆಲ್, ತೂತು ಮಾಡಿದ ಡಬ್ಬದಲ್ಲಿ. ಒಣಗಿದ್ದಾಗ ನೀಲಿ, ತೇವ ಕುಡಿದ ಮೇಲೆ ಗುಲಾಬಿ. ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತೆ. ಆ ಬಣ್ಣಕ್ಕೆ ಹಾಕೋ ರಾಸಾಯನಿಕ ಹೊಟ್ಟೆಗೆ ಹೋಗಬಾರದ್ದು, ಅದಕ್ಕೇ ಅಡುಗೆ ಬಾಣಲೆ ಬೇಡ, ಒಂದು ಹಳೇ ತಗಡು ಇಟ್ಟುಕೊಳ್ಳಿ. ಜುಲೈನಲ್ಲಿ ನಮ್ಮದು ಐದೇ ದಿನಕ್ಕೆ ಗುಲಾಬಿ ಆಗುತ್ತೆ. ಈಗ ಮಳೆಗಾಲದ ಪ್ರತಿ ಭಾನುವಾರ ಬಾಗಿಲು ತೆರೆದು, ಒರೆಸಿ, ತೆಳ್ಳಗೆ ಎಣ್ಣೆ ಬಳಿದು ಇಡುತ್ತೇನೆ. ಹಾಗೆ ವಾರಕ್ಕೊಮ್ಮೆ ನೋಡೋದರಿಂದ ಇನ್ನೊಂದು ಲಾಭವೂ ಇದೆ. ಕೋವಿ ಕಾಣೆಯಾದರೆ ತಕ್ಷಣ ಗೊತ್ತಾಗುತ್ತೆ. ಚುನಾವಣೆ ಬಂದು ಸ್ಟೇಷನ್ನಿನಲ್ಲಿ ಠೇವಣಿ ಇಡಬೇಕಾದಾಗ ಮಾತ್ರ ಕೋವಿ ಹುಡುಕಿ, ಇಲ್ಲ ಅಂತ ಬಾಯಿ ಬಾಯಿ ಬಡಿದುಕೊಂಡವರು ಇದ್ದಾರೆ. ಹೋದದ್ದು ಯಾವಾಗ ಅಂತ ಸ್ಟೇಷನ್ನಿನಲ್ಲಿ ಕೇಳಿದರೆ ಏನು ಹೇಳ್ತೀರಿ? ಕಳುವಾದರೆ ತಡ ಮಾಡದೆ ದೂರು ಕೊಡಬೇಕು. ಕೋವಿ ನಂಬರು, ಲೈಸೆನ್ಸಿನ ಗುರುತಿನ ನಂಬರು (ಯುಐಎನ್) ಎರಡನ್ನೂ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡಿರಿ.

ಚುನಾವಣೆ ಅಂದೆನಲ್ಲ, 2023ರ ಮೇ 10ರ ವಿಧಾನಸಭೆ ಚುನಾವಣೆಗೆ ಠೇವಣಿ ಇಟ್ಟ ಕೋವಿ ವಾಪಸ್ ಬಂದಾಗ ನಳಿಗೆಯೊಳಗೆ ಜೇಡ ಮನೆ ಮಾಡಿತ್ತು. 2024ರ ಲೋಕಸಭೆ ಹೊತ್ತಿಗೆ ಬುದ್ಧಿ ಬಂದು, ಎಣ್ಣೆ ಬಟ್ಟೆ ಸುತ್ತಿ, ನಂಬರ್ ಬರೆದ ಚೀಟಿ ಕಟ್ಟಿ ಕೊಟ್ಟೆ. ರಸೀದಿ ಕೈಗೆ ಬರೋವರೆಗೂ ಬೆಂಚಿನಿಂದ ಏಳಲಿಲ್ಲ. ಒಂದು ಮಾತು, ಇಂಥ ಓಡಾಟಕ್ಕೆ ತೋಟದ ಲೆಕ್ಕ ನೋಡೋ ರೈಟ್ರ ಕೈಯಲ್ಲಿ ಸುಮ್ನೆ ಕೋವಿ ಕೊಟ್ಟು ಕಳಿಸಬೇಡಿ. ರಿಪೇರಿಗೋ ಲೈಸೆನ್ಸ್ ನವೀಕರಣಕ್ಕೋ ಬೇರೆಯವರು ಒಯ್ಯಬೇಕಾದರೆ ನೀವು ಜೊತೆಗಿರಬೇಕು, ಇಲ್ಲಾ ನಿಮ್ಮ ಲಿಖಿತ ಒಪ್ಪಿಗೆ ಅವರ ಕೈಯಲ್ಲಿರಬೇಕು. ಕಾನೂನಿನಲ್ಲೇ ಹಾಗಿದೆ.

ಲಾಕರ್ ಜೊತೆ ಪ್ರಯಾಣಕ್ಕೆ ಅಂತ ನಾಲ್ಕಡಿಯ ಕಪ್ಪು ಗಟ್ಟಿ ಪೆಟ್ಟಿಗೆಯೂ ತಗೊಂಡಿದ್ದೆ. ಅದು ದಂಡ. ಬೇಲೂರಿನಲ್ಲಿ ಕಾಫಿ ಕುಡಿಯೋಕೆ ನಿಲ್ಲಿಸಿದರೆ ಹೋಟೆಲಿನ ಹುಡುಗ "ಒಳಗೆ ಕೋವಿನಾ ಸಾರ್?" ಅಂತ ಕೇಳಿದ. ಊರಿಗೆಲ್ಲ ಸಾರಿಕೊಂಡು ಹೋಗೋ ಪೆಟ್ಟಿಗೆ ಯಾಕೆ ಬೇಕು? ಈಗ ಕೋವಿಯನ್ನು ಮೂರು ಭಾಗ ಮಾಡುತ್ತೇನೆ. ನಳಿಗೆ ಮತ್ತು ಹಿಡಿ ಬಟ್ಟೆ ಸುತ್ತಿ ಒಂದು ಸಾದಾ ಕ್ಯಾನ್ವಾಸ್ ಚೀಲದಲ್ಲಿ. ನಳಿಗೆಯ ಕೆಳಗೆ ಕೂರೋ ಮುಂದಿನ ಮರದ ತುಂಡು ನನ್ನ ಹೆಗಲ ಬ್ಯಾಗಿನಲ್ಲಿ, ಅಸಲು ಲೈಸೆನ್ಸಿನ ಜೊತೆ. ಆ ತುಂಡಿಲ್ಲದೆ ಕೋವಿ ಜೋಡಣೆಯಾಗಿ ನಿಲ್ಲಲ್ಲ. ಚೀಲ ಕದ್ದವನಿಗೆ ಸಿಗೋದು ಅರೆಬರೆ ಕಬ್ಬಿಣ. ಚೀಲವನ್ನು ಜೀಪಿನ ಸೀಟಿನ ಕಬ್ಬಿಣಕ್ಕೆ ಉಕ್ಕಿನ ಕೇಬಲ್ ಹಾಕಿ ಬೀಗ ಹಾಕುತ್ತೇನೆ. ಕಟ್ಟರ್ ಇದ್ದವನಿಗೆ ಆ ಕೇಬಲ್ ಲೆಕ್ಕಕ್ಕಿಲ್ಲ, ಡೀಸೆಲ್ ಹಾಕಿಸೋ ಐದು ನಿಮಿಷಕ್ಕೆ ಮಾತ್ರ ಅದು. ಮನೆಗೆ ಬಂದ ತಕ್ಷಣ ಚೀಲದಿಂದ ತೆಗೆಯಲೇಬೇಕು, ಇಲ್ಲಾಂದ್ರೆ ಮತ್ತೆ ತುಕ್ಕು.

ಗಾಡಿಯಲ್ಲಿ ಕೋವಿ ಬಿಟ್ಟು ಹೋಗೋ ಅಭ್ಯಾಸ ನನಗಿಲ್ಲ. ಒಮ್ಮೆ ಬೆಂಗಳೂರಿನಲ್ಲಿ ರಿಪೇರಿ ಮುಗಿಸಿ ಬರುವಾಗ ಹಾಸನದಲ್ಲಿ ನೆಂಟರ ಮದುವೆ ಇತ್ತು. ಭಾವ "ಡಿಕ್ಕಿಯಲ್ಲಿ ಹಾಕಿ ಬನ್ನಿ, ಯಾರು ಮುಟ್ತಾರೆ" ಅಂತ ಬಲವಂತ ಮಾಡಿದರು. ಛತ್ರದ ಬಾಗಿಲಲ್ಲೇ ಮುಯ್ಯಿ ಕವರ್ ಅವರ ಕೈಗೆ ಕೊಟ್ಟು ಹೊರಟುಬಿಟ್ಟೆ. ಹೋಳಿಗೆ ಊಟ ತಪ್ಪಿತು. ಸಂಜೆ ಭಾವನ ಫೋನು. ಛತ್ರದ ಹಿಂದೆ ನಿಲ್ಲಿಸಿದ್ದ ಮೂರು ಕಾರಿನ ಗಾಜು ಒಡೆದು ಬ್ಯಾಗ್ ಎತ್ತಿಕೊಂಡು ಹೋಗಿದ್ದರು. ಅದರಲ್ಲಿ ಒಂದು ಅವರದ್ದೇ.

ಮನೆಯವರ ವಿಷಯ ಬಾಕಿ ಇತ್ತು. ಲಾಕರಿನಲ್ಲಿ ಇಷ್ಟು ಜಾಗ ಖಾಲಿ ಇದ್ದರೆ ಯಾರಿಗೆ ತಾನೆ ಆಸೆ ಆಗಲ್ಲ? ಮೊದಲು ಹೆಂಡತಿಯ ಒಡವೆ, ಆಮೇಲೆ ಜಮೀನಿನ ಪತ್ರ, ಆಮೇಲೆ ಮೆಣಸು ಮಾರಿದ ದುಡ್ಡು. ನಾನು ಒಪ್ಪಲಿಲ್ಲ. ಒಡವೆ ಇಟ್ಟರೆ ಪ್ರತಿ ಮದುವೆಗೂ ಕೀ ಕೈ ಬದಲಾಯಿಸುತ್ತೆ. ಲೈಸೆನ್ಸ್ ನನ್ನ ಒಬ್ಬನ ಹೆಸರಿನಲ್ಲಿದೆ, ಕೀ ನಾಲ್ಕು ಜನರ ಕೈಯಲ್ಲಿ ಇರೋ ಹಾಗಿಲ್ಲ. ಇದಕ್ಕೆ ಎರಡು ವರ್ಷ ವಾದ ನಡೆದಿದೆ.

ಉಕ್ಕಿಗೆ, ಚಿಲಕಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕೀಪ್ಯಾಡಿಗೆ ಒಂದು, ಸ್ಪಂಜಿಗೆ ಸೊನ್ನೆ. ಮತ್ತೆ ತಗೊಳ್ಳೋದಾದರೆ ಇದೇ ಅಳತೆಯದ್ದನ್ನು, ಕೀ ಬೀಗ ಇರೋದನ್ನು, ಒಳಗೆ ಬರೀ ಬಣ್ಣ ಬಳಿದದ್ದನ್ನು ತಗೊಳ್ತೀನಿ. ಕೆಳಗಿನ ಕೀಲಿನ ಹತ್ತಿರ ಬಣ್ಣ ಉಬ್ಬಿಕೊಂಡಿದೆ, ಈ ಸಲ ಮಳೆ ಹಿಡಿಯೋ ಮುಂಚೆ ಉಜ್ಜಿ ರೆಡ್ ಆಕ್ಸೈಡ್ ಹೊಡೆಯಬೇಕು. ಅಮ್ಮ ಇನ್ನೂ ಅದನ್ನು ಖಾಲಿ ಬೀರು ಅಂತಲೇ ಕರೆಯುತ್ತಾರೆ.